ಐದು ಪೈಸೆಯ ಪಾಲು

1971ರ ನವೆಂಬರ್ 15ರಿಂದ ಅಂಚೆ ಡಬ್ಬಿಗೆ ಕಾಗದ ಹಾಕುವವರಿಗೆಲ್ಲ ಒಂದು ಹೊಸ ಕೆಲಸ ಗಂಟುಬಿತ್ತು. ಇನ್‌ಲ್ಯಾಂಡ್ ಪತ್ರವಾಗಲಿ, ಲಕೋಟೆಯಾಗಲಿ, ಮಾಮೂಲು ಅಂಚೆಚೀಟಿಯ ಪಕ್ಕ ಇನ್ನೊಂದು ಐದು ಪೈಸೆಯ ಚೀಟಿ ಅಂಟಿಸಲೇಬೇಕು. ಕಾರ್ಡಿಗೆ ಬೇಡ, ಪತ್ರಿಕೆಗಳಿಗೆ ಬೇಡ, ಉಳಿದದ್ದಕ್ಕೆಲ್ಲ ಬೇಕು. ಹೊಸ ಚೀಟಿ ಅಚ್ಚಾಗಿ ಬರುವವರೆಗೆ ಕಾಯುವಷ್ಟು ಪುರುಸೊತ್ತು ಸರ್ಕಾರಕ್ಕಿರಲಿಲ್ಲ. ಆಗ ಚಾಲ್ತಿಯಲ್ಲಿದ್ದ ಕುಟುಂಬ ಯೋಜನೆಯ ಐದು ಪೈಸೆ ಚೀಟಿಯ ಮೇಲೇ ‘ನಿರಾಶ್ರಿತರ ಪರಿಹಾರ’ ಎಂಬರ್ಥದ ಪದಗಳನ್ನು ಒತ್ತಿ ಮಾರಾಟಕ್ಕೆ ಬಿಟ್ಟರು. ಕೆಲವು ಊರುಗಳಲ್ಲಿ ಆ ಒತ್ತುವ ಕೆಲಸವೂ ಸ್ಥಳೀಯವಾಗಿಯೇ ನಡೆಯಿತು. ಬೆಂಗಳೂರಿನಲ್ಲಿ ಒತ್ತಿದ ಚೀಟಿಯನ್ನು ಸಂಗ್ರಹಕಾರರು ಇವತ್ತಿಗೂ ಬೇರೆಯಾಗಿ ಗುರುತಿಸುತ್ತಾರೆ. ಪುಟ್ಟ, ಸುಖೀ ಸಂಸಾರದ ಚಿತ್ರ. ಅದರ ಮೈಮೇಲೆ ಮನೆ ಮಠ ಕಳೆದುಕೊಂಡವರ ಹೆಸರು. ಡಿಸೆಂಬರ್ ಹೊತ್ತಿಗೆ ನಿರಾಶ್ರಿತರ ಚಿತ್ರವನ್ನೇ ಹೊತ್ತ ಹೊಸ ಚೀಟಿ ಬಂತು. 1973ರ ಮಾರ್ಚ್ ಮುಗಿಯುವವರೆಗೂ ಈ ಐದು ಪೈಸೆಯ ತೆರಿಗೆ ನಡೆದೇ ಇತ್ತು.

ಅಂಚೆಚೀಟಿಯ ಬೆನ್ನಿಗೆ ನಾಲಿಗೆ ತಾಗಿಸಿ ಅಂಟಿಸುವುದು ಆ ಕಾಲದ ಮನೆಗಳಲ್ಲಿ ಮಕ್ಕಳ ಹಕ್ಕು. ಅದಕ್ಕಾಗಿ ಅಣ್ಣ ತಂಗಿಯರ ನಡುವೆ ಜಗಳವೂ ಆಗುತ್ತಿತ್ತು. ಒಂದರ ಜಾಗದಲ್ಲಿ ಎರಡು ಚೀಟಿ ಬಂದಾಗ ಯಾವ ಮಗುವಾದರೂ ಕೇಳುವ ಪ್ರಶ್ನೆ ಒಂದೇ: ಇದು ಯಾರಿಗೆ? ಉತ್ತರ ಹೇಳಲು ದೊಡ್ಡವರಿಗೆ ಭೂಪಟ ಬೇಕಾಯಿತು. ಪೂರ್ವ ಪಾಕಿಸ್ತಾನ ಅಂತ ಒಂದಿದೆ, ಅಲ್ಲಿ ಸೈನ್ಯ ತನ್ನದೇ ಜನರ ಮೇಲೆ ಬಿದ್ದಿದೆ, ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದಿದ್ದಾರೆ, ಅವರ ಅನ್ನಕ್ಕೆ ಈ ಐದು ಪೈಸೆ. ಗದಗದಿಂದಲೋ ತಿಪಟೂರಿನಿಂದಲೋ ಅಜ್ಜಿಗೆ ಬರೆದ ಕಾಗದ, ಗುರುತು ಪರಿಚಯವಿಲ್ಲದ ಯಾರದೋ ತಟ್ಟೆಗೆ ಹಿಡಿ ಅಕ್ಕಿಯಾಗುವ ಈ ಲೆಕ್ಕ ಮಗುವಿಗೆ ತಕ್ಷಣ ತಿಳಿಯುತ್ತದೆ. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ವಾಯುನೆಲೆಗಳ ಮೇಲೆ ಬಾಂಬ್ ಹಾಕಿದವು. 16ರಂದು ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿತ್ತು, ಸುಮಾರು 93,000 ಮಂದಿ ಸೆರೆಯಾದರು. ಕದನ ಹದಿಮೂರು ದಿನಕ್ಕೆ ಮುಗಿಯಿತು. ಐದು ಪೈಸೆ ಮಾತ್ರ ಮುಂದೆ ಒಂದೂಕಾಲು ವರ್ಷ ಮಕ್ಕಳ ನಾಲಿಗೆಯ ಮೇಲಿತ್ತು.

ಯುದ್ಧ ನೋಡಿದ ಮಕ್ಕಳಲ್ಲಿ ದೇಶಪ್ರೇಮ ತಾನಾಗಿಯೇ ಮೊಳೆಯುತ್ತದೆ ಎಂಬ ನಂಬಿಕೆ ಹಳೆಯದು. ಆ ತಲೆಮಾರಿನವರ ನೆನಪುಗಳನ್ನು ಕೆದಕಿದರೆ ಬೇರೆಯದೇ ಸಂಗತಿ ಹೊರಬರುತ್ತದೆ. ಅವರಲ್ಲಿ ಬಹುಪಾಲು ಮಂದಿ ಯುದ್ಧವನ್ನು ಕಂಡವರಲ್ಲ. ಅವರ ಮನಸ್ಸಿನಲ್ಲಿ ಉಳಿದಿರುವುದು ತೋಪಿನ ಸದ್ದಲ್ಲ, ತಮ್ಮ ಕೈಗೆ ಬಂದ ಒಂದು ಸಣ್ಣ ಕೆಲಸ. ಚೀಟಿ ಅಂಟಿಸಿದ್ದು, ಕಿಟಕಿಗೆ ಕಪ್ಪು ಕಾಗದ ಹಚ್ಚಿದ್ದು, ಒಂದು ಹೊತ್ತಿನ ಊಟ ಬಿಟ್ಟಿದ್ದು. ದೇಶ ಎಂಬ ಕಣ್ಣಿಗೆ ಕಾಣದ ವಸ್ತುವಿನಲ್ಲಿ ತನಗೂ ಒಂದು ಪಾಲಿದೆ ಎಂದು ಗೊತ್ತಾದದ್ದು ಆ ಕೆಲಸದಿಂದ. ಇಂದಿನ ಮಕ್ಕಳಿಗೆ ಯುದ್ಧದ ಚಿತ್ರ ಬೇಕಾದಷ್ಟು ಸಿಗುತ್ತಿದೆ, ಪಾಲು ಸಿಗುತ್ತಿಲ್ಲ.

ಈ ಮಾತಿಗೆ ಎಲ್ಲರಿಗೂ ಗೊತ್ತಿರುವ ಒಬ್ಬ ಸಾಕ್ಷಿ ಇದ್ದಾರೆ. ಎರಡನೇ ಮಹಾಯುದ್ಧ ಶುರುವಾದಾಗ ರಾಮೇಶ್ವರದಲ್ಲಿ ಎಂಟರ ಆಸುಪಾಸಿನ ಒಬ್ಬ ಹುಡುಗನಿದ್ದ. ಯುರೋಪಿನ ಯುದ್ಧಕ್ಕೂ ಆ ದ್ವೀಪಕ್ಕೂ ಏನು ಸಂಬಂಧ? ಇದ್ದಕ್ಕಿದ್ದಂತೆ ಪೇಟೆಯಲ್ಲಿ ಹುಣಸೆ ಬೀಜಕ್ಕೆ ಬೇಡಿಕೆ ಬಂತು. ಹುಡುಗ ಬೀಜ ಆಯ್ದು ಮಸೀದಿ ಬೀದಿಯ ಅಂಗಡಿಗೆ ಕೊಡತೊಡಗಿದ. ದಿನದ ದುಡಿಮೆಗೆ ಒಂದಾಣೆ. ಬೇಡಿಕೆ ಯಾಕೆ ಬಂತೆಂದು ಅವನಿಗೆ ಗೊತ್ತಾಗಲೇ ಇಲ್ಲ. ಬಟ್ಟೆ ಮತ್ತು ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಹುಣಸೆ ಬೀಜದ ಹಿಟ್ಟು ಬಳಕೆಗೆ ಬಂದದ್ದು ಆ ದಶಕದಲ್ಲೇ ಎಂಬುದನ್ನು ಇಲ್ಲಿ ನೆನೆಯಬಹುದು. ಆಮೇಲೆ ರಾಮೇಶ್ವರ ನಿಲ್ದಾಣದಲ್ಲಿ ರೈಲು ನಿಲ್ಲುವುದನ್ನೇ ರದ್ದು ಮಾಡಿದರು. ಪತ್ರಿಕೆಯ ಕಟ್ಟುಗಳನ್ನು ರಾಮೇಶ್ವರ–ಧನುಷ್ಕೋಡಿ ನಡುವೆ ಓಡುವ ರೈಲಿನಿಂದಲೇ ಹೊರಗೆ ಎಸೆಯುತ್ತಿದ್ದರು. ಪತ್ರಿಕೆ ಹಂಚುತ್ತಿದ್ದ ಸೋದರಸಂಬಂಧಿ ಸಂಸುದ್ದೀನನಿಗೆ ಆ ಕಟ್ಟುಗಳನ್ನು ಹಿಡಿಯಲು ಒಬ್ಬ ಬೇಕಾಗಿತ್ತು. ಹುಡುಗ ಆ ಕೆಲಸಕ್ಕೆ ನಿಂತ.

ಅವನೇ ಎ.ಪಿ.ಜೆ. ಅಬ್ದುಲ್ ಕಲಾಂ. ಅರ್ಧ ಶತಮಾನ ಕಳೆದ ಮೇಲೂ ಆ ಮೊದಲ ಸಂಪಾದನೆಯ ಹೆಮ್ಮೆ ತಮ್ಮಲ್ಲಿ ಉಕ್ಕುತ್ತದೆ ಎಂಬುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಯದೆ ದಾಖಲಿಸಿದ್ದಾರೆ. ಅಲ್ಲಿ ಶತ್ರುವಿನ ಮೇಲಿನ ಕೋಪದ ಮಾತಿಲ್ಲ. ಹಂಚುವ ಮೊದಲು ಪತ್ರಿಕೆಯ ತಲೆಬರಹದ ಮೇಲೆ ಕಣ್ಣಾಡಿಸಿ, ಎಲ್ಲೋ ನಡೆಯುತ್ತಿರುವುದಕ್ಕೂ ತನ್ನೂರಿಗೂ ಇರುವ ನಂಟನ್ನು ಹುಡುಕುವ ಒಂದು ಮಗು ಇದೆ. ಅದೇ ಹುಡುಗ ಮುಂದೆ ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ತರಬೇತಿ ಪಡೆದು, 1960ರ ಆಚೀಚೆ ಇದೇ ಊರಿನಲ್ಲಿ ‘ನಂದಿ’ ಎಂಬ ಹೋವರ್‌ಕ್ರಾಫ್ಟ್ ಕಟ್ಟಿದ. ರಕ್ಷಣಾ ಸಚಿವ ಕೃಷ್ಣ ಮೆನನ್ ಅದರಲ್ಲಿ ಕೂತು ಸವಾರಿ ಮಾಡಿದರು. ಹುಣಸೆ ಬೀಜದಿಂದ ನಂದಿಯವರೆಗೆ ನೇರ ಗೆರೆ ಎಳೆಯುವುದು ಉತ್ಪ್ರೇಕ್ಷೆಯಾದೀತು. ಓಡುವ ರೈಲಿನಿಂದ ಬಿದ್ದದ್ದನ್ನು ಹಿಡಿಯುವ ಜವಾಬ್ದಾರಿ ಎಂಟು ವರ್ಷಕ್ಕೇ ಬಂದಿತ್ತು ಎಂಬುದಂತೂ ನಿಜ.

1965ರ ಕಥೆ ಕನ್ನಡನಾಡಿನ ಅಡುಗೆಮನೆಗೆ ಇನ್ನೂ ಹತ್ತಿರದ್ದು. ಪಾಕಿಸ್ತಾನದ ಜೊತೆ ಯುದ್ಧ, ಕೈಕೊಟ್ಟ ಮಳೆ, ಅಮೆರಿಕದ ಗೋಧಿಯ ಮೇಲೆ ಅವಲಂಬನೆ, ಆ ಗೋಧಿಯನ್ನೂ ಬಿಗಿಹಿಡಿದು ಕೊಡುತ್ತಿದ್ದ ಅಧ್ಯಕ್ಷ ಜಾನ್ಸನ್. ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ವಾರಕ್ಕೊಂದು ಹೊತ್ತಿನ ಊಟ ಬಿಡಿ ಎಂದು ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲೇ ಪ್ರಯೋಗ ಮಾಡಿ, ಮಕ್ಕಳು ಹಸಿವು ತಡೆಯಬಲ್ಲರು ಎಂದು ಖಾತ್ರಿಯಾದ ಮೇಲೆ ದೇಶವನ್ನು ಕೇಳಿದರು ಎಂದು ಅವರ ಮನೆಯವರು ಹೇಳಿದ್ದುಂಟು. ಸೋಮವಾರ ಸಂಜೆ ಅನೇಕ ಊರುಗಳಲ್ಲಿ ಹೋಟೆಲುಗಳು ಬಾಗಿಲು ಹಾಕಿದವು.

ಸೋಮವಾರ ಕರ್ನಾಟಕಕ್ಕೆ ಹೊಸದೇ? ಶಿವನ ಹೆಸರಿನಲ್ಲಿ ಸೋಮವಾರದ ಒಪ್ಪತ್ತು ಹಿಡಿಯುವ ಮನೆಗಳು ಇಲ್ಲಿ ಊರಿಗೆ ನೂರಿದ್ದವು. ಅಜ್ಜಿ, ಅಮ್ಮ ಹಿಡಿಯುತ್ತಿದ್ದ ವ್ರತಕ್ಕೆ ಈಗ ಮಕ್ಕಳೂ ಸೇರಿಕೊಂಡರು, ದೇವರ ಪಕ್ಕದಲ್ಲಿ ದೇಶಕ್ಕೂ ಒಂದು ಮಣೆ ಹಾಕಿದಂತಾಯಿತು. ಇದರಲ್ಲೊಂದು ತಮಾಷೆಯೂ ಇದೆ. ಸೋಮವಾರ ರಾತ್ರಿ ದೇಶಕ್ಕಾಗಿ ಹಸಿದು ಮಲಗಿದ ಹುಡುಗ ಮಂಗಳವಾರ ಮಧ್ಯಾಹ್ನ ಶಾಲೆಯಲ್ಲಿ ತಿನ್ನುತ್ತಿದ್ದದ್ದು ಕೇರ್ ಸಂಸ್ಥೆಯ ಅಮೆರಿಕನ್ ರವೆಯ ಉಪ್ಪಿಟ್ಟು, ಕುಡಿಯುತ್ತಿದ್ದದ್ದು ಅದೇ ನಾಡಿನ ಪುಡಿಯ ಹಾಲು. ಬಿಟ್ಟ ಊಟವೂ ತಿಂದ ಉಪ್ಪಿಟ್ಟೂ ಒಂದೇ ಪಾಠದ ಎರಡು ಪುಟಗಳು ಎಂದು ಅವನಿಗೆ ಹೊಳೆದದ್ದು ದೊಡ್ಡವನಾದ ಮೇಲೆ. ‘ಜೈ ಜವಾನ್’ ಎಂಬ ಘೋಷಣೆಗೆ ‘ಜೈ ಕಿಸಾನ್’ ಯಾಕೆ ಅಂಟಿಕೊಂಡಿತ್ತು ಎಂಬುದನ್ನು ಹೊಟ್ಟೆಯೇ ಅವನಿಗೆ ಕಲಿಸಿತ್ತು.

ಬಾಂಬಿನ ಭಯ ಒಳನಾಡಿಗಿಂತ ಮುಂಬಯಿಯ ಕನ್ನಡಿಗರಿಗೆ ಹೆಚ್ಚು ತಟ್ಟಿತು. 1971ರ ಡಿಸೆಂಬರಿನಲ್ಲಿ ಅಲ್ಲಿ ಸಂಜೆಯಾದರೆ ಬ್ಲ್ಯಾಕೌಟ್. ಕಿಟಕಿ ಗಾಜಿಗೆಲ್ಲ ಕಾಗದ, ಕಾರುಗಳ ದೀಪದ ಅರ್ಧಕ್ಕೆ ಕಪ್ಪು ಬಣ್ಣ, ಬೆಳಕಿನ ಎಳೆ ಹೊರಗೆ ಕಂಡರೆ ಕೆಳಗಿನಿಂದ ಕೂಗು. ಚಾಳಿನ ಮಕ್ಕಳಿಗೆ ಮೈದಾ ಅಂಟು ಕಲಸಿ ಕಾಗದ ಹಚ್ಚುವುದು ಹಬ್ಬದ ತಯಾರಿಯ ಹಾಗೆಯೇ ಕಂಡಿರಬೇಕು. ಆದರೂ ತನ್ನ ಮನೆಯ ಒಂದು ದೀಪ ಇಡೀ ಬೀದಿಗೆ ಅಪಾಯ ತರಬಲ್ಲದು ಎಂಬ ಅರಿವು ಪೌರನೀತಿಯ ಯಾವ ಪಠ್ಯದಲ್ಲೂ ಅಷ್ಟು ಚೆನ್ನಾಗಿ ಬಂದಿರಲಾರದು.

ಈ ಕೆಲಸಗಳಲ್ಲಿ ಯಾವುದಕ್ಕೂ ದ್ವೇಷದ ಅಗತ್ಯ ಬೀಳಲಿಲ್ಲ ಎಂಬುದನ್ನು ಗಮನಿಸಬೇಕು. ಯುದ್ಧವನ್ನು ಹತ್ತಿರದಿಂದ ಬಲ್ಲವರ ಮನೆಗಳಲ್ಲೂ ಅದು ಅಷ್ಟಾಗಿ ಕಾಣುವುದಿಲ್ಲ. 1965ರ ಸೆಪ್ಟೆಂಬರ್ 22, ಕದನವಿರಾಮಕ್ಕೆ ಕೆಲವೇ ತಾಸು ಬಾಕಿ. ಹಂಟರ್ ವಿಮಾನ ಹಾರಿಸುತ್ತಿದ್ದ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದರು. ಅವರ ತಂದೆ ಜನರಲ್ ಕೆ.ಎಂ. ಕಾರ್ಯಪ್ಪ, ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥ, ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಸೈನ್ಯದಲ್ಲಿ ಇದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಮೇಲಧಿಕಾರಿಯ ಮಗನೆಂದು ವಿಶೇಷ ಕಾಳಜಿ ತೋರಲು ಮುಂದಾದರು. ಅಲ್ಲಿರುವ ಕೈದಿಗಳೆಲ್ಲ ತನ್ನ ಮಕ್ಕಳೇ, ಒಬ್ಬನಿಗೆಂದು ಬೇರೆ ಉಪಚಾರ ಬೇಡ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಮಗ ತಿಂಗಳುಗಳ ನಂತರ ಉಳಿದ ಕೈದಿಗಳ ಜೊತೆಗೇ ಮರಳಿ, ಮುಂದೆ ಏರ್ ಮಾರ್ಷಲ್ ಆದರು. ಕೊಡಗಿನ ಮಕ್ಕಳು ಆ ವರ್ಷ ಕೇಳಿ ಬೆಳೆದ ಕಥೆಗಳಲ್ಲಿ ಇದೂ ಒಂದು. ಶತ್ರು ದೇಶದ ಅಧ್ಯಕ್ಷನೂ ಮನುಷ್ಯನಾಗಿ ಕಾಣುವ ಈ ಕಥೆಯಿಂದ ಯಾರ ದೇಶಪ್ರೇಮವೂ ಕರಗಲಿಲ್ಲ. ಕೊಡಗಿನಿಂದ ಸೈನ್ಯಕ್ಕೆ ಹೋಗುವ ಹುಡುಗರ ಸಾಲೂ ನಿಲ್ಲಲಿಲ್ಲ.

ದ್ವೇಷದ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. 1962ರ ಅಕ್ಟೋಬರ್ 20ರಂದು ಚೀನಾದ ಸೈನ್ಯ ಹಿಮಾಲಯದ ಗಡಿಯಲ್ಲಿ ಮುನ್ನುಗ್ಗಿತು. ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಬಳೆ ಬಿಚ್ಚಿ ಕೊಟ್ಟರು, ಮಕ್ಕಳು ಹುಂಡಿ ಒಡೆದರು. ಆ ತಲೆಮಾರಿನ ನೆನಪಿನಲ್ಲಿ ಇದು ಹೊಳೆಯುತ್ತಲೇ ಇದೆ. ಅದೇ ನವೆಂಬರಿನಲ್ಲಿ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಕುಟುಂಬಗಳನ್ನು ಮನೆಗಳಿಂದ ಎಬ್ಬಿಸಿ ರೈಲು ಹತ್ತಿಸಿದರು. ಆ ಪಯಣ ಮುಗಿದದ್ದು ರಾಜಸ್ಥಾನದ ದೇವಳಿ ಶಿಬಿರದಲ್ಲಿ. ಸುಮಾರು ಮೂರು ಸಾವಿರ ಮಂದಿ. ಅವರಲ್ಲಿ ಬಹಳ ಜನ ಭಾರತದಲ್ಲೇ ಹುಟ್ಟಿದವರು, ಚೀನಾವನ್ನು ಕಣ್ಣಿನಲ್ಲೂ ಕಾಣದವರು. ಡಾರ್ಜಿಲಿಂಗಿನ ಹದಿಮೂರರ ಹುಡುಗಿ ಯಿನ್ ಮಾರ್ಶ್ ತಂದೆ, ಅಜ್ಜಿ, ತಮ್ಮನ ಜೊತೆ ಅಲ್ಲಿಗೆ ಹೋಗಬೇಕಾಯಿತು. ದಶಕಗಳ ನಂತರ ಅಮೆರಿಕದಲ್ಲಿ ಕೂತು ಆಕೆ ಆ ದಿನಗಳ ಪುಸ್ತಕ ಬರೆದರು. ಕೆಲವರು ವರ್ಷಗಟ್ಟಲೆ ಶಿಬಿರದಲ್ಲೇ ಉಳಿದರು. ಒಂದೇ ಯುದ್ಧ, ಒಂದೇ ದೇಶ, ಒಂದೇ ವಯಸ್ಸು. ಒಂದು ಮಗುವಿಗೆ ಹುಂಡಿ ಒಡೆದ ಹೆಮ್ಮೆ, ಇನ್ನೊಂದಕ್ಕೆ ಮುಳ್ಳುತಂತಿಯ ನೆನಪು. ಮೊದಲನೆಯದನ್ನು ಹಾಡಿ ಎರಡನೆಯದನ್ನು ಮುಚ್ಚಿಟ್ಟ ದೇಶಪ್ರೇಮ ಎಷ್ಟು ದೂರ ನಡೆದೀತು?

ಮಕ್ಕಳಿಗೆ ಕೆಲಸ ಕೊಡಬೇಕು ಎನ್ನುವವರು ಇನ್ನೊಂದು ಎಚ್ಚರಿಕೆಯನ್ನೂ ಮರೆಯುವಂತಿಲ್ಲ. ಅದು ಕರ್ನಾಟಕದ್ದೇ, ಎರಡನೇ ಮಹಾಯುದ್ಧದ ನಡುವಿನದ್ದೇ. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಸ್ವಾತಂತ್ರ್ಯ ಹೋರಾಟದ ಮೆರವಣಿಗೆಯಲ್ಲಿ ಪೊಲೀಸರ ಗುಂಡಿಗೆ ಬಿದ್ದ ನಾರಾಯಣ ದೋನಿ ಇನ್ನೂ ಶಾಲೆಯ ವಯಸ್ಸಿನ ಬಾಲಕ. ಮರುತಿಂಗಳು ಶಿಕಾರಿಪುರದ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಊರಿನ ಅಮಲ್ದಾರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡದ್ದು ಜಯಣ್ಣ, ಮಲ್ಲಪ್ಪ ಎಂಬ ಇಬ್ಬರು ಹುಡುಗರನ್ನು. ಎಳೆಯರನ್ನು ಸರ್ಕಾರ ಜೈಲಿಗೆ ಹಾಕಲಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು ಎನ್ನುತ್ತಾರೆ. ಆಟದಂತೆ ಶುರುವಾದದ್ದು ಆಟವಾಗಿ ಉಳಿಯಲಿಲ್ಲ. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಊರಿಗೆ ಬಂದಾಗ ಘರ್ಷಣೆ ನಡೆದು ಇಬ್ಬರೂ ಸತ್ತರು. ಊರಿನ ಮೇಲೆ ಪಡೆಗಳು ಬಿದ್ದವು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಈಸೂರಿನ ಧೈರ್ಯಕ್ಕೆ ತಲೆಬಾಗುವಾಗಲೂ ಒಂದು ಮಾತು ಹೇಳಲೇಬೇಕು: ದೊಡ್ಡವರು ಹೊರಬೇಕಾದ ಭಾರವನ್ನು ಮಗುವಿನ ಹೆಗಲಿಗೆ ದಾಟಿಸಬಾರದು. ಹುಣಸೆ ಬೀಜ, ಅಂಚೆಚೀಟಿ, ಕಿಟಕಿಯ ಕಾಗದ ಇವೆಲ್ಲ ಮಗು ಹೊರಬಲ್ಲ ತೂಕದವು. ಅಳತೆ ಅಷ್ಟೇ ಇರಬೇಕು.

ಕೆಲಸದ ಜಾಗಕ್ಕೆ ಬಾಯಿಪಾಠ ಹೇಗೆ ಬಂತು ಎಂಬುದೂ ಕುತೂಹಲದ ವಿಷಯ. ಇಂದು ಪಠ್ಯಪುಸ್ತಕಗಳ ಮೊದಲ ಪುಟಗಳಲ್ಲಿ ಕಾಣುವ, ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಕೈ ಮುಂದೆ ಚಾಚಿ ಹೇಳುವ ಪ್ರತಿಜ್ಞೆಯನ್ನು ಪೈಡಿಮರ್ರಿ ವೆಂಕಟ ಸುಬ್ಬರಾವ್ ತೆಲುಗಿನಲ್ಲಿ ಬರೆದದ್ದು 1962ರಲ್ಲಿ, ಚೀನಾ ಯುದ್ಧದ ವರ್ಷದಲ್ಲೇ. ಆಗ ಅವರು ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿ. ಅದನ್ನು ದೇಶದ ಶಾಲೆಗಳಲ್ಲೆಲ್ಲ ಹೇಳಿಸಬೇಕೆಂಬ ನಿರ್ಧಾರ ಹೊರಬಿದ್ದದ್ದು ಬೆಂಗಳೂರಿನಲ್ಲಿ; 1964ರಲ್ಲಿ ಶಿಕ್ಷಣ ಸಚಿವ ಎಂ.ಸಿ. ಚಾಗ್ಲಾ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಶಿಕ್ಷಣ ಸಲಹಾ ಮಂಡಳಿಯ ಸಭೆಯಲ್ಲಿ. 1965ರ ಜನವರಿ 26ರಿಂದ ಜಾರಿ. ತಾನು ಬರೆದದ್ದು ಇಷ್ಟು ದೂರ ಹೋಗಿದೆಯೆಂದು ಸುಬ್ಬರಾವ್ ಅವರಿಗೇ ತಿಳಿದಿರಲಿಲ್ಲವಂತೆ, ಮೊಮ್ಮಗಳು ಪಠ್ಯ ಓದುವಾಗ ಗೊತ್ತಾಯಿತಂತೆ. ಎಲ್ಲರೂ ಒಡಹುಟ್ಟಿದವರು ಎಂಬ ಭಾವ ಅದರ ಜೀವ. ಯುದ್ಧದ ವರ್ಷ ಬರೆದ ಬರಹದಲ್ಲಿ ಶತ್ರುವಿನ ಸುಳಿವೇ ಇಲ್ಲದಿರುವುದು ಅದರ ದೊಡ್ಡಗುಣ. ದಿನಾ ಹೇಳಿ ಹೇಳಿ ಅದು ಮಗ್ಗಿಯ ಸಾಲಿಗೆ ಸೇರಿಹೋದದ್ದು ಮಾತ್ರ ನಮ್ಮ ಶಾಲೆಗಳ ಸೋಲು.

ಈಗ 2025ಕ್ಕೆ ಬರೋಣ. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ಮೇ 7ರ ನಸುಕಿನಲ್ಲಿ ಪಾಕಿಸ್ತಾನದ ಮೇಲೆ ಭಾರತದ ದಾಳಿ ಆಪರೇಷನ್ ಸಿಂಧೂರ್, ಮೇ 10ರಂದು ಕದನವಿರಾಮ. ನಡುವಿನ ಆ ನಾಲ್ಕು ದಿನಗಳಲ್ಲಿ ಗಡಿಯಿಂದ ನೂರಾರು ಮೈಲಿ ದೂರದ ಕರ್ನಾಟಕದ ಮಗು ಯುದ್ಧವನ್ನು ನೋಡಿದ್ದು ಅಪ್ಪನ ಮೊಬೈಲಿನಲ್ಲಿ. ಪಾಕಿಸ್ತಾನದ ಬಂದರು ಧ್ವಂಸವಾಯಿತು ಎಂದು ರಾತ್ರಿಯಿಡೀ ಕೂಗಿದ ಕೆಲವು ವಾಹಿನಿಗಳ ಸುದ್ದಿ ಬೆಳಗಾಗುವಷ್ಟರಲ್ಲಿ ಸುಳ್ಳಾಗಿತ್ತು. ಯುದ್ಧದ ದೃಶ್ಯವೆಂದು ಹರಿದಾಡಿದ ತುಣುಕುಗಳಲ್ಲಿ ಕೆಲವು ‘ಆರ್ಮಾ 3’ ಎಂಬ ವಿಡಿಯೊ ಗೇಮಿನವು ಎಂದು ಆಮೇಲೆ ಬಯಲಾಯಿತು. ಆ ಆಟವನ್ನು ಆಡಿ ಬಲ್ಲ ಹುಡುಗರಿಗೆ ಅದು ಅಪ್ಪನಿಗಿಂತ ಮೊದಲೇ ಗೊತ್ತಾಗಿದ್ದರೆ ಆಶ್ಚರ್ಯವಿಲ್ಲ.

ಇದರ ಪಕ್ಕದಲ್ಲಿ ಒಂದು ಹಳೆಯ ವಿಮಾನದ ಕಥೆಯನ್ನು ಇಟ್ಟು ನೋಡಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಒಬ್ಬರು. ಅವರನ್ನು ಇಟ್ಟದ್ದು ಕಾದಿರಿಸಿದ ಪಟ್ಟಿಯಲ್ಲಿ, ಕೊನೆಗೆ ಅವರೂ ಹಾರಿದರು. ವಿಮಾನ ಮರಳಲಿಲ್ಲ. ಏನಾಯಿತೆಂದು ಇತ್ತ ಯಾರಿಗೂ ತಿಳಿಯಲಿಲ್ಲ. ಪಾಕಿಸ್ತಾನದ ವಾಯುಪಡೆಯಿಂದ ಮಾಹಿತಿ ಪಡೆದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಎಳೆ ಸಿಕ್ಕಿತು. ಸಮತಟ್ಟು ಹಾರಾಟದಲ್ಲಿ ಶಬ್ದದ ವೇಗವನ್ನೂ ಮೀರಲಾಗದ ತಮ್ಮ ಮಿಸ್ಟೇರ್ ವಿಮಾನದಲ್ಲಿ ದೇವಯ್ಯ, ಅದರ ಎರಡರಷ್ಟು ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿ ತಾವೂ ಬಿದ್ದಿದ್ದರು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಇಪ್ಪತ್ತಮೂರು ವರ್ಷ! ಸಾಹಸದ ಸಾಕ್ಷಿ ಹೇಳಿದ್ದು ಎದುರಾಳಿಯ ದಾಖಲೆ. ಇಂದು ಮಡಿಕೇರಿಯ ಒಂದು ವೃತ್ತಕ್ಕೆ ಅವರ ಹೆಸರಿದೆ. ಸತ್ಯ ಇಷ್ಟು ನಿಧಾನವಾಗಿ ಬರಬಹುದು, ಎದುರಿನವರ ಬಾಯಿಂದಲೂ ಬರಬಹುದು ಎಂಬುದನ್ನು ಹನ್ನೆರಡರ ಹುಡುಗನಿಗೆ ಹೇಳಿಕೊಟ್ಟರೆ, ಮುಂದಿನ ಬಾರಿ ತುಣುಕು ಬಂದಾಗ ಅವನ ಬೆರಳು ಕ್ಷಣ ತಡೆದೀತು. ಆ ತಡೆಯುವಿಕೆಯೂ ಇಂದಿನ ಕಾಲದ ಒಂದು ಬ್ಲ್ಯಾಕೌಟ್ ಕೆಲಸವೇ.

2025ರ ಮೇನಲ್ಲಿ ಒಂದು ಒಳ್ಳೆಯ ಅವಕಾಶವೂ ಕೈಗೆ ಬಂದು ಜಾರಿತು. ಕೇಂದ್ರ ಸರ್ಕಾರ ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕವಾಯತಿಗೆ ಹೇಳಿದಾಗ ಕರ್ನಾಟಕದಿಂದ ಪಟ್ಟಿಯಲ್ಲಿದ್ದದ್ದು ಬೆಂಗಳೂರು, ಕಾರವಾರ, ರಾಯಚೂರು. ಒಂದು ರಾಜಧಾನಿ, ಒಂದು ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ಕಡೆಯದು, ಒಂದು ಶಾಖೋತ್ಪನ್ನ ವಿದ್ಯುತ್ ಸ್ಥಾವರವಿರುವ ಜಿಲ್ಲೆ. ಸೈರನ್ ಮೊಳಗಿತು, ಜನ ನಿಂತು ವಿಡಿಯೊ ಮಾಡಿಕೊಂಡರು. ಬೇಸಿಗೆ ರಜೆಯಾದ್ದರಿಂದ ಶಾಲೆಗಳು ಮುಚ್ಚಿದ್ದವು. ರಜೆ ಮುಗಿದ ಮೇಲಾದರೂ ಆ ಕವಾಯತು ಶಾಲೆಯ ಅಂಗಳಕ್ಕೆ ಬರಬೇಕಿತ್ತು.

ಬಂದರೆ ಏನು ಮಾಡಬಹುದು? ದುಬಾರಿಯಾದದ್ದೇನೂ ಬೇಕಿಲ್ಲ. ಎಂಟು, ಒಂಬತ್ತನೇ ತರಗತಿಯ ಪ್ರತಿ ಮಗುವಿಗೂ ಗಾಯಕ್ಕೆ ಪಟ್ಟಿ ಕಟ್ಟುವುದು, ಉಸಿರು ನಿಂತವರಿಗೆ ಎದೆ ಒತ್ತುವುದು ಗೊತ್ತಿರಲಿ. ಸೈರನ್ ಕೂಗಿದಾಗ ಒಂದನೇ ತರಗತಿಯ ಚಿಕ್ಕವರನ್ನು ಕೈಹಿಡಿದು ಹೊರಗೆ ಕರೆತರುವ ಹೊಣೆ ಮೇಲಿನ ತರಗತಿಯವರದ್ದಾಗಲಿ. ಬೀದಿಯಲ್ಲಿ ಒಬ್ಬಂಟಿ ಮುದುಕರು ಯಾರು, ನಡೆಯಲಾರದವರು ಯಾರು ಎಂಬ ಪಟ್ಟಿ ಮಕ್ಕಳ ಕೈಯಲ್ಲೇ ತಯಾರಾಗಲಿ. ಪ್ರವಾಹಕ್ಕೂ ಆಗುತ್ತದೆ, ಬೆಂಕಿಗೂ ಆಗುತ್ತದೆ. ಯುದ್ಧ ಬಾರದಿದ್ದರೆ ಇನ್ನೂ ಒಳ್ಳೆಯದು. ದೇಶಭಕ್ತಿಯ ಹಾಡಿನ ಸ್ಪರ್ಧೆಗೆ ಕೊಡುವ ಅವಧಿಗಳಲ್ಲಿ ನಾಲ್ಕನ್ನು ಇದಕ್ಕೆ ಬಿಟ್ಟರೆ ಸಾಕು.

ಇದರ ಜೊತೆಗೆ ನೆನಪು ಸಂಗ್ರಹಿಸುವ ಕೆಲಸ. ಇದೂ ಮಕ್ಕಳದ್ದೇ ಆಗಬೇಕು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದಾರೆ. ವಿಜಯಪುರದ ಸೈನಿಕ ಶಾಲೆ ಶುರುವಾದದ್ದು ಚೀನಾ ಯುದ್ಧದ ಮರುವರ್ಷ, 1963ರಲ್ಲಿ. ಸುತ್ತಲಿನ ಊರುಗಳಲ್ಲಿ 1965, 1971, ಕಾರ್ಗಿಲ್ ಕಂಡ ನಿವೃತ್ತರು ಇದ್ದಾರೆ, ಅವರ ಪತ್ರಕ್ಕಾಗಿ ಕಾದಿದ್ದ ಹೆಂಗಸರೂ ಇದ್ದಾರೆ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿಗೆ ಹೋದರೆ ಆರ್.ಎಚ್. ಕ್ಯಾಂಪುಗಳೆಂದು ಕರೆಯುವ ಊರುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ತುಂಗಭದ್ರೆಯ ನೀರಿನ ಆಸರೆಯಲ್ಲಿ ಅಲ್ಲಿ ನೆಲೆ ನಿಂತಿವೆ. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ. ಅಲ್ಲಿನ ಹಿರಿಯರಿಗೂ ಒಂದು ಬಾಲ್ಯವಿತ್ತು, ಗಡಿ ದಾಟಿದ ನೆನಪಿದೆ. ಅಂಚೆಚೀಟಿ ಅಂಟಿಸಿದ ಮಗುವಿನ ಕಥೆಯನ್ನೂ, ನಿರಾಶ್ರಿತನಾಗಿ ಬಂದ ಮಗುವಿನ ಕಥೆಯನ್ನೂ ಒಂದೇ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವ ಭಾಗ್ಯ ರಾಯಚೂರಿನ ವಿದ್ಯಾರ್ಥಿಗಳಿಗಿದೆ. ಸೈರನ್ ಕೂಗಿಸಿದ ಜಿಲ್ಲಾಡಳಿತ ಆ ಪುಸ್ತಕವನ್ನೂ ಬರೆಸಬಹುದು.

1971ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿ ನಾಲ್ಕೈದು ವರ್ಷ. 1965ರಲ್ಲಿ ಒಪ್ಪತ್ತು ಹಿಡಿದ ಮಕ್ಕಳು ಎಪ್ಪತ್ತರ ಆಚೀಚೆ ಇದ್ದಾರೆ. 1942ರ ಮಕ್ಕಳಲ್ಲಿ ಉಳಿದವರು ಬಹಳ ಕಡಿಮೆ. ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ಅವರಲ್ಲಿ ಒಬ್ಬರಿದ್ದರೆ, ಈ ಭಾನುವಾರ ಮಕ್ಕಳನ್ನು ಅವರ ಹತ್ತಿರ ಕೂರಿಸಿ. ಯುದ್ಧ ಹೇಗಿತ್ತು ಎಂದು ಕೇಳಿಸುವ ಬದಲು, ಆಗ ನೀವು ಏನು ಕೆಲಸ ಮಾಡಿದಿರಿ ಎಂದು ಕೇಳಿಸಿ. ಮನೆಯ ಹಳೆಯ ಟ್ರಂಕಿನಲ್ಲಿ ಎರಡು ಚೀಟಿ ಅಂಟಿಸಿದ ಇನ್‌ಲ್ಯಾಂಡ್ ಪತ್ರವೊಂದು ಸಿಕ್ಕರೆ ಎಸೆಯಬೇಡಿ, ಹತ್ತಿರದ ಸರ್ಕಾರಿ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರ ಕೈಗೆ ಕೊಡಿ.